ಕ್ಯಾಮೆರಾದಿಂದ ವಾಪಸ್ ಬಂದರೆ ಫಾರ್ಮ್ ಖಾಲಿ: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಕಟ್ಟಡಗಳ ಸುರಕ್ಷತೆ ತಪಾಸಣೆ ಮಾಡುವ ಒಂದು ಸಂಸ್ಥೆಯ ಆ್ಯಪ್‌ನಲ್ಲಿ ನಡೆದದ್ದು ಇದು. ಸಂಸ್ಥೆ ಯಾವುದು, ಜನ ಯಾರು ಅನ್ನುವುದನ್ನು ಬೇಕಂತಲೇ ಮುಚ್ಚಿಟ್ಟಿದ್ದೇನೆ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ ಕೂಡ. ತೊಂದರೆ ಮಾತ್ರ ಇದ್ದದ್ದು ಇದ್ದ ಹಾಗೇ ಇದೆ.

ತಪಾಸಕರು ಕಟ್ಟಡದೊಳಗೆ ಓಡಾಡುತ್ತಾ ಫೋನಿನಲ್ಲೇ ಒಂದು ಉದ್ದನೆಯ ಫಾರ್ಮ್ ತುಂಬಬೇಕು. ಮೆಟ್ಟಿಲು, ವೈರಿಂಗ್, ಬೆಂಕಿ ಆರಿಸುವ ಸಿಲಿಂಡರ್, ತುರ್ತು ಬಾಗಿಲು, ಹೀಗೆ ಒಂದೊಂದಕ್ಕೂ ಒಂದೊಂದು ಪುಟ. ಹೆಚ್ಚುಕಮ್ಮಿ ಎಲ್ಲ ಪುಟಕ್ಕೂ ಫೋಟೋ ಬೇಕು. ಫೋಟೋ ಬಟನ್ ಒತ್ತಿದರೆ ಫೋನಿನದೇ ಕ್ಯಾಮೆರಾ ಆ್ಯಪ್ ತೆರೆದುಕೊಳ್ಳುತ್ತದೆ. ಫೋಟೋ ತೆಗೆದು ಟಿಕ್ ಒತ್ತಿದರೆ ವಾಪಸ್ ಫಾರ್ಮ್‌ಗೆ ಬರುತ್ತದೆ. ಕೊನೆಯಲ್ಲಿ ‘ಸಲ್ಲಿಸಿ’ ಒತ್ತಿದಾಗ ಎಲ್ಲವೂ ಒಟ್ಟಿಗೆ ಸರ್ವರ್‌ಗೆ ಹೋಗುತ್ತದೆ. ಅಲ್ಲಿಯವರೆಗೆ ತುಂಬಿದ್ದೆಲ್ಲ ಫೋನಿನ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್‌ನಲ್ಲಿ ಮಾತ್ರ.

ತಪಾಸಕರ ಕೈಲಿದ್ದದ್ದು ಸಂಸ್ಥೆ ಕೊಟ್ಟ 3 ಜಿಬಿ ರ‍್ಯಾಮ್‌ನ ಆಂಡ್ರಾಯ್ಡ್ ಫೋನುಗಳು. ಆ್ಯಪ್ ಬರೆದವರ ಕೈಲಿದ್ದದ್ದು 8 ಮತ್ತು 12 ಜಿಬಿಯವು. ಅರ್ಧ ಉತ್ತರ ಇಲ್ಲೇ ಇತ್ತು. ಆದರೆ ಎರಡು ಕಡೆಯ ಫೋನುಗಳನ್ನು ಯಾರೂ ಒಂದೇ ಮೇಜಿನ ಮೇಲೆ ಇಟ್ಟು ನೋಡಿರಲಿಲ್ಲ.

ದೂರು

“ಆ್ಯಪ್ ತಾನಾಗೇ ರಿಲೋಡ್ ಆಗುತ್ತೆ, ತುಂಬಿದ್ದೆಲ್ಲ ಹೋಗುತ್ತೆ.” ದೂರು ಇಷ್ಟೇ. ಯಾವಾಗ, ಯಾವ ಪುಟದಲ್ಲಿ, ಅದಕ್ಕೆ ಮುಂಚೆ ಏನು ಮಾಡಿದಿರಿ ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಒಬ್ಬರಿಗೆ ಫೋನ್ ಕರೆ ಬಂದ ಮೇಲೆ. ಇನ್ನೊಬ್ಬರಿಗೆ ಊಟ ಮುಗಿಸಿ ಬಂದು ನೋಡಿದಾಗ. ಮತ್ತೊಬ್ಬರಿಗೆ ಸಂಜೆ ಹೊತ್ತು ಮಾತ್ರ. ಕೆಲವರಿಗೆ ಏನೂ ಆಗಿರಲೇ ಇಲ್ಲ.

ತಂಡ ಮೊದಲು ಅನುಮಾನ ಪಟ್ಟಿದ್ದು ನೆಟ್‌ವರ್ಕ್ ಮೇಲೆ. ನೆಲಮಾಳಿಗೆಯಲ್ಲಿ ಸಿಗ್ನಲ್ ಇರುವುದಿಲ್ಲ, ಆ್ಯಪ್ ಸರ್ವರ್ ಹುಡುಕಿ ಸೋತು ಮತ್ತೆ ಶುರುವಾಗುತ್ತಿದೆ ಅನ್ನುವುದು ಅವರ ಲೆಕ್ಕ. ಅದಕ್ಕೆ ತಕ್ಕಂತೆ ಸರ್ವರ್ ಜೊತೆ ಮಾತಾಡುವ ಭಾಗವನ್ನು ತಿದ್ದಿ, ಸಿಗ್ನಲ್ ಬಂದ ಕೂಡಲೇ ಮತ್ತೆ ಪ್ರಯತ್ನಿಸುವ ವ್ಯವಸ್ಥೆ ಸೇರಿಸಿ ಹೊಸ ಆವೃತ್ತಿ ಬಿಟ್ಟರು. ದೂರು ಒಂದೂ ಕಮ್ಮಿಯಾಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತಾರಲ್ಲ, ಹಾಗಾಯಿತು.

ಆಮೇಲೆ, ಆ್ಯಪ್ ಕೆಟ್ಟು ನಿಂತಾಗ ತಾನಾಗೇ ಬರುವ ಕ್ರ್ಯಾಶ್ ವರದಿಗಳನ್ನು ತೆರೆದು ನೋಡಿದರು. ಅಲ್ಲಿ ಏನೂ ಇರಲಿಲ್ಲ. ಇಲ್ಲಿಂದ ತಂಡದ ಧೋರಣೆಯೇ ಬದಲಾಯಿತು. ಆ್ಯಪ್ ಬಿದ್ದಿಲ್ಲ ಅಂದಮೇಲೆ ತಪಾಸಕರೇ ಏನೋ ತಪ್ಪು ಒತ್ತುತ್ತಿದ್ದಾರೆ ಅನ್ನುವ ಮಾತು ಸಭೆಯಲ್ಲಿ ಬಂತು. ‘ಹಿಂದೆ’ ಬಟನ್ ಒತ್ತಿದರೆ “ಖಂಡಿತ ಹೊರಗೆ ಹೋಗಬೇಕಾ?” ಅಂತ ಕೇಳುವ ಒಂದು ಕಿಟಕಿ ಹಾಕಿದರು. ತಪಾಸಕರಿಗೆ ಅದರಿಂದ ಸಿಕ್ಕಿದ್ದು ಸುಮ್ನೆ ಒಂದು ಕಿರಿಕಿರಿ ಅಷ್ಟೇ.

ಖಾಲಿ ಕ್ರ್ಯಾಶ್ ವರದಿಗೆ ಕಾರಣ ಇತ್ತು. ಆ್ಯಪ್‌ನ ಕೋಡ್ ಎಡವಿದರೆ ವರದಿ ಹುಟ್ಟುತ್ತದೆ. ಆಪರೇಟಿಂಗ್ ಸಿಸ್ಟಂ ತಾನೇ ಆ್ಯಪ್‌ನ ಪ್ರೊಸೆಸ್ ಅನ್ನು, ಅಂದರೆ ಮೆಮೊರಿಯಲ್ಲಿ ಓಡುತ್ತಿರುವ ಆ್ಯಪ್ ಅನ್ನೇ, ಕೊಂದರೆ ವರದಿ ಬರೆಯುವುದಕ್ಕೆ ಆ್ಯಪ್ ಉಳಿದಿರುವುದೇ ಇಲ್ಲ. ಸಿಗ್‌ಕಿಲ್ ಅನ್ನುವ ಸಂಕೇತ ಹೋಗುತ್ತದೆ, ಅದನ್ನು ಹಿಡಿಯಲೂ ಆಗುವುದಿಲ್ಲ, ತಡೆಯಲೂ ಆಗುವುದಿಲ್ಲ. ಆಂಡ್ರಾಯ್ಡ್ ಕಲಿಯುವವರಿಗೆ ಮೊದಲ ಪಾಠದಲ್ಲೇ ಹೇಳುವ, ಪುಟ ಮುಚ್ಚುವಾಗ ಓಡಬೇಕಾದ ಕೋಡ್ ಆದ ಆನ್‌ಡಿಸ್ಟ್ರಾಯ್ ಕೂಡ ಆಗ ಓಡುವುದಿಲ್ಲ. ಅಲ್ಲಿ ‘ಡೇಟಾ ಉಳಿಸು’ ಅಂತ ಬರೆದಿದ್ದರೆ ಆ ಸಾಲು ಬರೆದೂ ಬರೆಯದ ಹಾಗೆ.

ಪರೀಕ್ಷಕಿ ಜೊತೆಗೆ ಹೋದ ದಿನ

ದಿಕ್ಕು ಬದಲಾದದ್ದು ತಂಡದ ಪರೀಕ್ಷಕಿ ಒಬ್ಬ ತಪಾಸಕರ ಜೊತೆ ಒಂದು ಕಟ್ಟಡಕ್ಕೆ ಹೋದಾಗ. ಅವರು ಮಾಡಿದ್ದು ಇಷ್ಟೇ: ಪ್ರಶ್ನೆ ಕೇಳದೆ, ಪಕ್ಕದಲ್ಲಿ ನಿಂತು ಫೋನ್ ನೋಡುತ್ತಾ ಹೋದರು. ಮೂರನೇ ಪುಟದಲ್ಲಿ ತಪಾಸಕರು ಒಂದು ಫ್ಯೂಸ್ ಬಾಕ್ಸ್‌ನ ಫೋಟೋ ತೆಗೆಯಲು ಹೋದರು. ಕತ್ತಲಿತ್ತು, ಫ್ಲ್ಯಾಶ್ ಹಾಕಿದರು, ಫೋಟೋ ಮಸುಕಾಯಿತು, ಮತ್ತೆ ತೆಗೆದರು. ಟಿಕ್ ಒತ್ತಿದರು. ಪರದೆ ಒಂದು ಕ್ಷಣ ಬಿಳಿಯಾಯಿತು. ಆಮೇಲೆ ಆ್ಯಪ್‌ನ ಲೋಗೋ ಬಂತು. ಆಮೇಲೆ ಮುಖಪುಟ.

“ನೋಡಿ ಮೇಡಂ, ಇದೇ ನಾನು ಹೇಳಿದ್ದು.”

“ಸರ್, ನೀವು ಬೇರೆ ಏನಾದ್ರೂ ಒತ್ತಿದ್ರಾ?”

“ನೀವೇ ನೋಡ್ತಾ ಇದ್ರಲ್ಲ ಮೇಡಂ. ಟಿಕ್ ಒತ್ತಿದೆ, ಅಷ್ಟೇ.”

ಪರೀಕ್ಷಕಿ ಅಲ್ಲೇ ಆ ಫೋನನ್ನು ಲ್ಯಾಪ್‌ಟಾಪ್‌ಗೆ ಜೋಡಿಸಿ ಆ್ಯಪ್‌ನ ಫೋಲ್ಡರ್ ತೆರೆದರು. ಅಲ್ಲಿ ಯಾವ ಫಾರ್ಮ್‌ಗೂ ಸೇರದ ಫೋಟೋಗಳು ರಾಶಿ ಬಿದ್ದಿದ್ದವು. ಈಗಷ್ಟೇ ತೆಗೆದ ಫ್ಯೂಸ್ ಬಾಕ್ಸ್ ಕೂಡ ಅದರಲ್ಲಿತ್ತು. ಅಂದರೆ ಕ್ಯಾಮೆರಾ ತನ್ನ ಕೆಲಸ ಸರಿಯಾಗಿ ಮಾಡಿತ್ತು, ಫೋಟೋ ಹೇಳಿದ ಜಾಗಕ್ಕೇ ಬಂದು ಕೂತಿತ್ತು. ಅದನ್ನು ಬರಮಾಡಿಕೊಳ್ಳಬೇಕಿದ್ದ ಆ್ಯಪ್‌ಗೆ ತಾನು ಫೋಟೋ ಕೇಳಿದ್ದೇ ನೆನಪಿರಲಿಲ್ಲ.

ಇಡೀ ತನಿಖೆಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಸಾಕ್ಷಿ ಆ ಫೋಲ್ಡರ್. ಅದನ್ನು ನೋಡಿದ ಮೇಲೆ ತಪಾಸಕರ ಮೇಲೆ ಬೆರಳು ತೋರಿಸುವ ಮಾತು ನಿಂತುಹೋಯಿತು.

ಆದರೂ ಆಫೀಸಿನಲ್ಲಿ ಮಾತ್ರ ಆಗುತ್ತಿರಲಿಲ್ಲ

ಆಫೀಸಿನಲ್ಲಿ ಎಷ್ಟು ಸಲ ಫೋಟೋ ತೆಗೆದರೂ ಫಾರ್ಮ್ ಅಲುಗಾಡಲಿಲ್ಲ. ಹಿರಿಯ ಡೆವಲಪರ್ ಒಬ್ಬರು ಫೋನಿನ ಡೆವಲಪರ್ ಆಯ್ಕೆಗಳಲ್ಲಿ ‘ಡೋಂಟ್ ಕೀಪ್ ಆಕ್ಟಿವಿಟೀಸ್’ ಆನ್ ಮಾಡಿ ನೋಡಿದರು. ಪರದೆಯಿಂದ ಆಚೆ ಹೋದ ಕೂಡಲೇ ಪುಟವನ್ನು ಕೆಡವಿಹಾಕುವ ಆಯ್ಕೆ ಅದು. ಆಗಲೂ ಫಾರ್ಮ್ ಉಳಿಯಿತು. “ಸಿಸ್ಟಂ ನಮ್ಮ ಪುಟ ಕೆಡವಿದರೂ ನಾವು ಸರಿಯಾಗೇ ವಾಪಸ್ ಬರ್ತೀವಿ” ಅಂತ ಅವರು ತೀರ್ಮಾನಿಸಿದರು.

ಬಹಳ ತಂಡಗಳು ಜಾರುವ ಜಾಗ ಇದು, ಅದಕ್ಕೇ ಸ್ವಲ್ಪ ನಿಂತು ನೋಡೋಣ. ಆ ಆಯ್ಕೆ ಪುಟವನ್ನು ಮಾತ್ರ ಕೆಡವುತ್ತದೆ. ಪ್ರೊಸೆಸ್ ಬದುಕೇ ಇರುತ್ತದೆ. ಈ ಆ್ಯಪ್ ಫಾರ್ಮ್‌ನ ಎಲ್ಲ ಉತ್ತರಗಳನ್ನು ಇಡೀ ಆ್ಯಪ್‌ಗೆ ಒಂದೇ ಆಗಿರುವ ಒಂದು ಆಬ್ಜೆಕ್ಟ್‌ನಲ್ಲಿ, ಅಂದರೆ ಸಿಂಗಲ್‌ಟನ್‌ನಲ್ಲಿ ಇಟ್ಟಿತ್ತು. ಪ್ರೊಸೆಸ್ ಇರುವವರೆಗೆ ಸಿಂಗಲ್‌ಟನ್ ಇರುತ್ತದೆ. ಪುಟ ಹೊಸದಾಗಿ ಹುಟ್ಟಿ ಅದರಿಂದ ಉತ್ತರ ತೆಗೆದುಕೊಳ್ಳುತ್ತದೆ, ಎಲ್ಲ ಸರಿ ಇದ್ದ ಹಾಗೆ ಕಾಣುತ್ತದೆ. ಹೊರಗೆ ತಪಾಸಕರ ಫೋನಿನಲ್ಲಿ ಸಾಯುತ್ತಿದ್ದದ್ದು ಪ್ರೊಸೆಸ್. ಅದರ ಜೊತೆ ಸಿಂಗಲ್‌ಟನ್ ಕೂಡ ಹೋಗುತ್ತಿತ್ತು. ಪುಟದ ಡೇಟಾ ಹಿಡಿದಿಡುವ ಆಂಡ್ರಾಯ್ಡ್‌ನ ವ್ಯೂಮಾಡೆಲ್ ಬಳಸಿದ್ದರೂ ಕತೆ ಬೇರೆ ಆಗುತ್ತಿರಲಿಲ್ಲ. ಪರದೆ ತಿರುಗಿಸಿದರೆ ಅದು ಉಳಿಯುತ್ತದೆ, ಪ್ರೊಸೆಸ್ ಸತ್ತರೆ ಉಳಿಯುವುದಿಲ್ಲ.

ಇದನ್ನು ನಿಜವಾಗಿ ಪರೀಕ್ಷಿಸುವ ದಾರಿ ಸುಲಭ. ಫಾರ್ಮ್ ಅರ್ಧ ತುಂಬಿ, ಹೋಂ ಒತ್ತಿ, ಕಂಪ್ಯೂಟರ್‌ನಿಂದ ಫೋನಿಗೆ ಆದೇಶ ಕೊಡುವ ಎಡಿಬಿ ಶೆಲ್‌ನಿಂದ ‘ಎಎಂ ಕಿಲ್’ ಆದೇಶಕ್ಕೆ ಆ್ಯಪ್‌ನ ಪ್ಯಾಕೇಜ್ ಹೆಸರು ಕೊಟ್ಟು, ಆಮೇಲೆ ಇತ್ತೀಚಿನ ಆ್ಯಪ್‌ಗಳ ಪಟ್ಟಿಯಿಂದ ವಾಪಸ್ ಬರಬೇಕು. ‘ಫೋರ್ಸ್ ಸ್ಟಾಪ್’ ಇದಕ್ಕೆ ಸರಿಯಲ್ಲ. ಅದು ಆ್ಯಪ್ ಎಲ್ಲಿತ್ತು ಅನ್ನುವ ಸಿಸ್ಟಂನ ನೆನಪನ್ನೂ ಅಳಿಸಿಬಿಡುತ್ತದೆ. ‘ಎಎಂ ಕಿಲ್’ ಕೊಟ್ಟು ವಾಪಸ್ ಬಂದ ಕೂಡಲೇ 12 ಜಿಬಿಯ ಫೋನಿನಲ್ಲೂ ಬಿಳಿ ಪರದೆ, ಲೋಗೋ, ಮುಖಪುಟ, ಎಲ್ಲ ಒಂದರ ಹಿಂದೆ ಒಂದು ಬಂತು.

ಕೊಂದದ್ದು ಯಾರು, ಯಾಕೆ

ಅನುಮಾನ ಉಳಿಯದಿರಲಿ ಅಂತ ತಂಡ ಒಂದು ಸಣ್ಣ ಸೇರ್ಪಡೆ ಮಾಡಿತು. ಆಂಡ್ರಾಯ್ಡ್ 11ರಿಂದ ಆ್ಯಪ್ ತನ್ನ ಹಿಂದಿನ ಸಾವಿಗೆ ಕಾರಣ ಏನು ಅಂತ ಸಿಸ್ಟಂ ಅನ್ನೇ ಕೇಳಬಹುದು. ಕ್ರ್ಯಾಶ್, ಉತ್ತರಿಸದೆ ಕೂತದ್ದು, ಬಳಕೆದಾರರೇ ನಿಲ್ಲಿಸಿದ್ದು, ಮೆಮೊರಿ ಸಾಲದ್ದು, ಹೀಗೆ ಕಾರಣಗಳ ಪಟ್ಟಿ ಇದೆ. ಆ್ಯಪ್ ಶುರುವಾದಾಗಲೆಲ್ಲ ಇದನ್ನು ಕೇಳಿ ಸರ್ವರ್‌ಗೆ ಕಳಿಸುವಂತೆ ಮಾಡಿದರು. ಜಾಸ್ತಿ ಬಂದ ಉತ್ತರ ‘ಮೆಮೊರಿ ಕಡಿಮೆ’. ಕೆಲವು ಫೋನುಗಳಿಂದ ಬರೀ ‘ಸಂಕೇತ 9’, ಅಂದರೆ ಅದೇ ಸಿಗ್‌ಕಿಲ್, ಅಂತ ಬಂತು. ಮೆಮೊರಿ ಕಾರಣವನ್ನು ಬಿಡಿಸಿ ಹೇಳಲಾಗದ ಫೋನುಗಳು ಅದನ್ನು ಹೀಗೇ ಹೇಳುತ್ತವೆ.

ಆಂಡ್ರಾಯ್ಡ್ ಓಡುತ್ತಿರುವ ಪ್ರತಿ ಪ್ರೊಸೆಸ್‌ಗೂ ಒಂದು ಅಂಕ ಕೊಟ್ಟಿರುತ್ತದೆ. ಕಣ್ಣ ಮುಂದಿರುವ ಆ್ಯಪ್‌ಗೆ 0. ಬ್ಯಾಕ್‌ಗ್ರೌಂಡ್‌ನಲ್ಲಿ ಏನೂ ಮಾಡದೆ ಕೂತದ್ದಕ್ಕೆ 900ರಿಂದ ಮೇಲೆ. ಮೆಮೊರಿ ಬಿಗಿಯಾದಾಗ ಲೋ ಮೆಮೊರಿ ಕಿಲ್ಲರ್ ಅನ್ನುವ ಸಿಸ್ಟಂನ ಭಾಗ ದೊಡ್ಡ ಅಂಕದ ಕಡೆಯಿಂದ ಕೊಲ್ಲುತ್ತಾ ಬರುತ್ತದೆ. ಮೊದಲು ಇದು ಸಿಸ್ಟಂನ ತಿರುಳಾದ ಕರ್ನಲ್‌ನೊಳಗಿನ ಡ್ರೈವರ್ ಆಗಿತ್ತು. ಆಂಡ್ರಾಯ್ಡ್ 9ರ ಹೊತ್ತಿಗೆ ಕರ್ನಲ್‌ನಿಂದ ಹೊರಗೆ ಬಂದು ಬೇರೆ ಪ್ರೋಗ್ರಾಂ ಆಯಿತು. ಆಂಡ್ರಾಯ್ಡ್ 10ರಿಂದ ಬರೀ ಎಷ್ಟು ಮೆಮೊರಿ ಖಾಲಿ ಇದೆ ಅಂತ ನೋಡದೆ, ಮೆಮೊರಿಗಾಗಿ ಕೆಲಸಗಳು ಎಷ್ಟು ಹೊತ್ತು ಕಾಯುತ್ತಿವೆ ಅನ್ನುವುದನ್ನೂ ಅಳೆಯುತ್ತದೆ. ಕೊಲ್ಲುವುದಕ್ಕೂ ಮುಂಚೆ ಬಳಸದ ಭಾಗಗಳನ್ನು ರ‍್ಯಾಮ್‌ನೊಳಗೇ ಹಿಂಡಿ ಚಿಕ್ಕದು ಮಾಡಿ ಇಡುವ ಉಪಾಯವೂ ಇದೆ. ಅದಕ್ಕೂ ಒಂದು ಮಿತಿ ಇದೆ ಅಲ್ವಾ.

ಈಗ ತಪಾಸಕರ ಕೈಲಿರುವ ಫೋನಿನಲ್ಲಿ ಏನಾಗುತ್ತದೆ ನೋಡಿ. ಕ್ಯಾಮೆರಾ ತೆರೆದ ಕ್ಷಣ ಅದು ಕಣ್ಣ ಮುಂದಿನ ಆ್ಯಪ್ ಆಗುತ್ತದೆ. ಫೋನಿನಲ್ಲಿ ಅತಿ ಹೆಚ್ಚು ಮೆಮೊರಿ ನುಂಗುವ ಆ್ಯಪ್‌ಗಳಲ್ಲಿ ಕ್ಯಾಮೆರಾ ಒಂದು, ಅದರಲ್ಲೂ ಕತ್ತಲಲ್ಲಿ ಹಲವು ಚಿತ್ರ ತೆಗೆದು ಒಂದಾಗಿ ಸೇರಿಸುವಾಗ. ತಪಾಸಣೆಯ ಆ್ಯಪ್ ಹಿಂದಕ್ಕೆ ಸರಿಯುತ್ತದೆ, ಅದರ ಅಂಕ ಏರುತ್ತದೆ. 3 ಜಿಬಿಯಲ್ಲಿ ಸಿಸ್ಟಂ ತನ್ನ ಪಾಲು ತೆಗೆದುಕೊಂಡ ಮೇಲೆ ಎರಡಕ್ಕೂ ಜಾಗ ಇರುವುದಿಲ್ಲ. ಕ್ಯಾಮೆರಾ ಕೆಟ್ಟದ್ದೇನೂ ಮಾಡಿಲ್ಲ, ಸಿಸ್ಟಂ ಕೂಡ ತನ್ನ ನಿಯಮ ಪಾಲಿಸಿದೆ. ಕಣ್ಣ ಮುಂದಿರುವುದು ತಡವರಿಸದೆ ಓಡಬೇಕು ಅನ್ನುವುದು ಆ ನಿಯಮ.

ಬಳಕೆದಾರರಿಗೆ ಇದು ಯಾಕೆ ಮೋಸದ ಹಾಗೆ ಕಾಣುತ್ತದೆ ಅಂದರೆ, ಇತ್ತೀಚಿನ ಆ್ಯಪ್‌ಗಳ ಪಟ್ಟಿಯಲ್ಲಿ ಆ್ಯಪ್ ಹಾಗೇ ಕಾಣಿಸುತ್ತಿರುತ್ತದೆ. ಆ ಕಾರ್ಡ್ ಬರೀ ಒಂದು ಸ್ಕ್ರೀನ್‌ಶಾಟ್. ಹಿಂದೆ ಪ್ರೊಸೆಸ್ ಇದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಪ್ರೊಸೆಸ್ ಸತ್ತಿದ್ದರೆ, ಒತ್ತಿದಾಗ ಅದು ಹೊಸದಾಗಿ ಶುರುವಾಗುತ್ತದೆ.

ಇನ್ನೊಂದು ಸಂಗತಿ ತಂಡದ ಕೆಲವರಿಗೇ ಹೊಸದಾಗಿತ್ತು. ಪ್ರೊಸೆಸ್ ಕೊಂದರೂ ಆಂಡ್ರಾಯ್ಡ್ ಎಲ್ಲವನ್ನೂ ಮರೆಯುವುದಿಲ್ಲ. ಯಾವ ಪುಟದ ಮೇಲೆ ಯಾವ ಪುಟ ಇತ್ತು ಅನ್ನುವುದನ್ನು ಇಟ್ಟುಕೊಂಡಿರುತ್ತದೆ, ಆ್ಯಪ್ ಕೊಟ್ಟ ಒಂದು ಸಣ್ಣ ಗಂಟನ್ನೂ ಇಟ್ಟುಕೊಂಡಿರುತ್ತದೆ. ವಾಪಸ್ ಬಂದಾಗ ಅದೇ ಪುಟ ತೆರೆದು ಆ ಗಂಟು ಕೈಗೆ ಕೊಡುತ್ತದೆ. ಇಲ್ಲೂ ಸಿಸ್ಟಂ ಮೂರನೇ ಪುಟವನ್ನೇ ತೆರೆಯುತ್ತಿತ್ತು. ಆದರೆ ಆ ಪುಟದ ಶುರುವಿನಲ್ಲೇ ಯಾರೋ ಬರೆದಿದ್ದ ಒಂದು ಸಾಲಿತ್ತು: ಸಿಂಗಲ್‌ಟನ್ ಖಾಲಿ ಇದ್ದರೆ ಮುಖಪುಟಕ್ಕೆ ಕಳಿಸು. ಆ್ಯಪ್ ಕ್ರ್ಯಾಶ್ ಆಗದಿರಲಿ ಅಂತ ಒಳ್ಳೆ ಉದ್ದೇಶದಿಂದ ಹಾಕಿದ ಸಾಲು. ಕ್ರ್ಯಾಶ್ ಆಗಿದ್ದರೆ ವರದಿ ಬರುತ್ತಿತ್ತು, ತೊಂದರೆ ಮೊದಲ ವಾರವೇ ಸಿಗುತ್ತಿತ್ತು.

ಸಾಯದಂತೆ ನೋಡಿಕೊಳ್ಳುವ ಪ್ರಯತ್ನ

ಇಲ್ಲಿ ತಂಡ ಎರಡಾಯಿತು. ಆ್ಯಪ್ ಸಾಯದಂತೆ ಮಾಡೋಣ ಅಂತ ಒಂದು ಕಡೆ. ಸತ್ತರೂ ಎಲ್ಲಿತ್ತೋ ಅಲ್ಲಿಗೇ ವಾಪಸ್ ಬರುವಂತೆ ಮಾಡೋಣ ಅಂತ ಇನ್ನೊಂದು ಕಡೆ. ಮೊದಲನೆಯದು ಬೇಗ ಆಗುವ ಕೆಲಸ. ಅದನ್ನೇ ಮೊದಲು ಮಾಡಿದರು.

ಫಾರ್ಮ್ ತೆರೆದಿರುವಷ್ಟು ಹೊತ್ತು, ಕಣ್ಣ ಮುಂದಿಲ್ಲದಿದ್ದರೂ ಕೆಲಸ ನಡೆಯುತ್ತಿದೆ ಅಂತ ಸಿಸ್ಟಂಗೆ ಹೇಳುವ ಒಂದು ಫೋರ್‌ಗ್ರೌಂಡ್ ಸರ್ವಿಸ್ ಓಡಿಸಿದರು. ‘ತಪಾಸಣೆ ನಡೆಯುತ್ತಿದೆ’ ಅನ್ನುವ ನೋಟಿಫಿಕೇಶನ್ ಮೇಲೆ ಕೂತಿರುತ್ತದೆ, ಆ್ಯಪ್‌ನ ಅಂಕ 200ರ ಹತ್ತಿರಕ್ಕೆ ಇಳಿಯುತ್ತದೆ. ಹಾಡು ಕೇಳಿಸುವ, ದಾರಿ ತೋರಿಸುವ ಆ್ಯಪ್‌ಗಳು ಬಳಸುವ ವಿಧಾನ ಇದು. ದೂರು ಕಮ್ಮಿಯಾಯಿತು. ಎಲ್ಲರೂ ನಿಟ್ಟುಸಿರು ಬಿಟ್ಟರು.

ನಿಟ್ಟುಸಿರು ಬಹಳ ದಿನ ಬಾಳಲಿಲ್ಲ. ಆ್ಯಪ್ ಜಾಗ ಬಿಡದೆ ಕೂತದ್ದರಿಂದ ಈಗ ಕ್ಯಾಮೆರಾಕ್ಕೆ ಮೆಮೊರಿ ಸಾಲಲಿಲ್ಲ. ತೆರೆಯಲು ತಡ, ಫೋಟೋ ಉಳಿಸಲು ತಡ. ಇನ್ನೊಂದು ಪೆಟ್ಟು ಆಂಡ್ರಾಯ್ಡ್ 13ರ ಫೋನುಗಳಿಂದ ಬಂತು. ಆ ಆವೃತ್ತಿಯಲ್ಲಿ ನೋಟಿಫಿಕೇಶನ್ ಪಟ್ಟಿಯ ಕೆಳಗೆ, ಹಿಂದೆ ಓಡುತ್ತಿರುವ ಆ್ಯಪ್‌ಗಳನ್ನು ತೋರಿಸಿ ಪಕ್ಕದಲ್ಲೇ ‘ನಿಲ್ಲಿಸಿ’ ಬಟನ್ ಕೊಡುತ್ತಾರೆ. ಬ್ಯಾಟರಿ ಉಳಿಯಲಿ ಅಂತ ಕೆಲವರು ಅದನ್ನು ಒತ್ತುತ್ತಿದ್ದರು. ಸರ್ವಿಸ್ ಮಾತ್ರ ಅಲ್ಲ, ಇಡೀ ಆ್ಯಪ್ ನಿಲ್ಲುತ್ತಿತ್ತು. ಅರ್ಧ ತುಂಬಿದ ಫಾರ್ಮ್ ಸಮೇತ.

ಜೊತೆಗೆ ಒಂದು ಸುತ್ತೋಲೆಯೂ ಹೋಗಿತ್ತು: ಎಲ್ಲರೂ ಸೆಟ್ಟಿಂಗ್ಸ್‌ನಲ್ಲಿ ಈ ಆ್ಯಪ್‌ಗೆ ಬ್ಯಾಟರಿ ಆಪ್ಟಿಮೈಸೇಶನ್ ಆಫ್ ಮಾಡಿ. ಫೋನ್ ತೊಂದರೆ ಅಂದರೆ ಎಲ್ಲರೂ ಮೊದಲು ಕೊಡುವ ಸಲಹೆ ಇದೇ, ಅದಕ್ಕೆ ಒಂದು ಮಾತು ಹೇಳಲೇಬೇಕು. ಆ ಸೆಟ್ಟಿಂಗ್ ಇರುವುದು ಫೋನ್ ಸುಮ್ಮನೆ ಬಿದ್ದಿರುವಾಗ ಆ್ಯಪ್‌ಗಳು ಎಷ್ಟು ಎದ್ದೇಳಬಹುದು, ನೆಟ್‌ವರ್ಕ್ ಎಷ್ಟು ಬಳಸಬಹುದು ಅನ್ನುವುದಕ್ಕೆ. ಮೆಮೊರಿ ಸಾಲದೆ ಕೊಲ್ಲುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಕೆಲವು ಕಂಪನಿಗಳು ತಮ್ಮ ಫೋನಿಗೆ ತಾವೇ ಬೇರೊಂದು ಬ್ಯಾಟರಿ ಮ್ಯಾನೇಜರ್ ಹಾಕಿರುತ್ತವೆ. ಅದು ಬ್ಯಾಕ್‌ಗ್ರೌಂಡ್ ಆ್ಯಪ್‌ಗಳನ್ನು ಮೆಮೊರಿ ಇದ್ದರೂ ಕೊಲ್ಲುತ್ತದೆ. ಅಂಥ ಫೋನ್ ಇದ್ದವರಿಗೆ ಸುತ್ತೋಲೆಯಿಂದ ಸ್ವಲ್ಪ ಉಪಯೋಗ ಆಯಿತು. ಉಳಿದವರಿಗೆ ಅದು ಸೆಟ್ಟಿಂಗ್ಸ್‌ನಲ್ಲಿ ಒಂದು ಸುತ್ತು ಹಾಕಿಸಿತು, ಅಷ್ಟೇ.

ವಾಪಸ್ ಬರುವುದನ್ನು ಕಲಿಸಿದ್ದು

ಸಂಸ್ಥೆಯ ಕಡೆಯಿಂದ ಯೋಜನೆ ನೋಡಿಕೊಳ್ಳುತ್ತಿದ್ದವರು ಒಂದು ನೇರ ಪ್ರಶ್ನೆ ಕೇಳಿದರು: “ಫೋನ್ ಚಾರ್ಜ್ ಮುಗಿದು ಆಫ್ ಆದ್ರೆ ನಿಮ್ಮ ಸರ್ವಿಸ್ ಏನು ಮಾಡುತ್ತೆ?” ಅದಕ್ಕೆ ಉತ್ತರ ಇರಲಿಲ್ಲ. ಅಲ್ಲಿಗೆ ಜಗಳ ಮುಗಿಯಿತು. ಫೋರ್‌ಗ್ರೌಂಡ್ ಸರ್ವಿಸ್ ತೆಗೆದುಹಾಕಿ, ಎರಡನೇ ದಾರಿ ಹಿಡಿದರು.

ಮೊದಲ ತೀರ್ಮಾನ ಎಲ್ಲಿ ಉಳಿಸಬೇಕು ಅನ್ನುವುದು. ಸಿಸ್ಟಂ ಇಟ್ಟುಕೊಳ್ಳುವ ಆ ಸಣ್ಣ ಗಂಟಿಗೇ ಎಲ್ಲ ತುಂಬಿಬಿಡೋಣ ಅಂತ ಒಬ್ಬರು ಹೊರಟರು. ಅದು ಕೂಡದು. ಆ ಗಂಟು ಹೋಗುವ ದಾರಿಗೆ ಒಂದು ಪ್ರೊಸೆಸ್‌ಗೆ ಸುಮಾರು 1 ಎಂಬಿ ಮಿತಿ ಇದೆ, ಅದೂ ಎಲ್ಲ ವ್ಯವಹಾರ ಸೇರಿ. ಮೀರಿದರೆ ಆ್ಯಪ್ ಕ್ರ್ಯಾಶ್ ಆಗುತ್ತದೆ. ಅಲ್ಲದೆ ಬಳಕೆದಾರರು ಪಟ್ಟಿಯಿಂದ ಆ್ಯಪ್ ಅನ್ನು ಸ್ವೈಪ್ ಮಾಡಿದರೆ ಗಂಟೂ ಹೋಗುತ್ತದೆ. ಫೋನ್ ಚುರುಕಾಗುತ್ತದೆ ಅಂತ ಎಲ್ಲವನ್ನೂ ಸ್ವೈಪ್ ಮಾಡುವ ಅಭ್ಯಾಸ ತಪಾಸಕರಲ್ಲಿ ಬಹಳ ಜನಕ್ಕಿತ್ತು. ಅದರಿಂದ ಚುರುಕಾಗುವುದಿಲ್ಲ, ಮುಂದಿನ ಸಲ ಎಲ್ಲವೂ ಮೊದಲಿನಿಂದ ಶುರುವಾಗಬೇಕಾಗುತ್ತದೆ. ಆದರೆ ಅಭ್ಯಾಸವನ್ನು ಸುತ್ತೋಲೆಯಿಂದ ಬಿಡಿಸಲು ಆಗುವುದಿಲ್ಲ.

ಹಾಗಾಗಿ ಕೆಲಸ ಹಂಚಿದರು. ಗಂಟಿನಲ್ಲಿ ಫಾರ್ಮ್‌ನ ಗುರುತಿನ ಸಂಖ್ಯೆ ಮತ್ತು ಪುಟದ ಸಂಖ್ಯೆ ಮಾತ್ರ. ಉತ್ತರಗಳೆಲ್ಲ ಫೋನಿನೊಳಗಿನ ಡೇಟಾಬೇಸ್‌ಗೆ, ಕರಡಾಗಿ. ಯಾವಾಗ ಬರೆಯಬೇಕು? ‘ಮುಂದೆ’ ಒತ್ತಿದಾಗ ಅಂದರೆ ಪುಟದ ಮಧ್ಯೆ ಸತ್ತರೆ ಆ ಪುಟ ಹೋಗುತ್ತದೆ. ಪ್ರತಿ ಅಕ್ಷರಕ್ಕೂ ಬರೆದರೆ ಅತಿಯಾಯಿತು. ಟೈಪಿಂಗ್ ಒಂದು ಕ್ಷಣ ನಿಂತಾಗ ಒಮ್ಮೆ, ಪುಟ ಕಣ್ಣ ಮುಂದಿನಿಂದ ಸರಿಯುವಾಗ ಇನ್ನೊಮ್ಮೆ ಅಂತ ಗೊತ್ತುಮಾಡಿದರು.

ಎರಡನೆಯದು ಫೋಟೋ. ಕ್ಯಾಮೆರಾ ತೆರೆಯುವ ಮುಂಚೆಯೇ ಕರಡಿನಲ್ಲಿ ಒಂದು ಸಾಲು ಬರೆಯುವುದು: ಇಂಥ ಪುಟಕ್ಕೆ, ಇಂಥ ಪ್ರಶ್ನೆಗೆ, ಇಂಥ ಫೈಲಿಗೆ ಫೋಟೋ ಬರಬೇಕಿದೆ. ಮೊದಲು ಈ ವಿಳಾಸ ಪ್ರೊಸೆಸ್ ಜೊತೆಗೇ ಅಳಿಯುವ ಒಂದು ವೇರಿಯಬಲ್‌ನಲ್ಲಿ ಮಾತ್ರ ಇತ್ತು. ಕ್ಯಾಮೆರಾದಿಂದ ಉತ್ತರ ಬರುವ ಹೊತ್ತಿಗೆ ಪ್ರೊಸೆಸ್ ಹೊಸದು, ವೇರಿಯಬಲ್ ಖಾಲಿ, ಫೋಟೋ ಅನಾಥ. ಈಗ ಆ್ಯಪ್ ಸತ್ತು ಎದ್ದು ಬಂದರೂ ಬರಬೇಕಾದ ಫೋಟೋ ಯಾವುದು ಅಂತ ಗೊತ್ತಿರುತ್ತದೆ. ಉತ್ತರವೇ ಬರದೆ ಹೋದರೂ, ಮುಂದಿನ ಸಲ ತೆರೆದಾಗ ಆ ಫೈಲ್ ಇದೆಯಾ ಅಂತ ನೋಡಿ ಸೇರಿಸಿಕೊಳ್ಳುತ್ತದೆ.

ಕ್ಯಾಮೆರಾವನ್ನು ಆ್ಯಪ್‌ನೊಳಗೇ ಕಟ್ಟಿಬಿಡೋಣ, ಹೊರಗೆ ಹೋಗುವ ಗೋಜೇ ಬೇಡ ಅನ್ನುವ ಮಾತೂ ಬಂದಿತ್ತು. ಕೈಬಿಟ್ಟರು. ಕತ್ತಲ ಮೂಲೆಗಳಲ್ಲಿ ಫೋನಿನ ಸ್ವಂತ ಕ್ಯಾಮೆರಾ ತೆಗೆದಷ್ಟು ಒಳ್ಳೆ ಚಿತ್ರ ಇವರಿಗೆ ಬರಲಿಲ್ಲ. ಜೊತೆಗೆ ಫೋನ್ ಕರೆ ಬಂದರೆ ಅದೇ ಹಳೆಯ ತೊಂದರೆ ಬೇರೆ ಬಾಗಿಲಿನಿಂದ ಬರುತ್ತಿತ್ತು. ನನ್ನ ಮಟ್ಟಿಗೆ ಇದು ಸರಿಯಾದ ತೀರ್ಮಾನ.

ಮೂರನೆಯದು ಆ್ಯಪ್ ತಾನೇ ತಿನ್ನುತ್ತಿದ್ದ ಮೆಮೊರಿ. ತೆಗೆದ ಫೋಟೋಗಳನ್ನು ಪುಟದಲ್ಲಿ ಹೆಬ್ಬೆರಳಿನಷ್ಟು ಅಗಲಕ್ಕೆ ತೋರಿಸುತ್ತಿದ್ದರು, ಆದರೆ ಪೂರ್ತಿ ಚಿತ್ರವನ್ನೇ ರ‍್ಯಾಮ್‌ಗೆ ಬಿಚ್ಚುತ್ತಿದ್ದರು. 4000 ಅಡ್ಡ, 3000 ಉದ್ದದ ಒಂದು ಚಿತ್ರ ಅಂದರೆ 1.2 ಕೋಟಿ ಪಿಕ್ಸೆಲ್. ಒಂದಕ್ಕೆ 4 ಬೈಟ್ ಹಿಡಿದರೆ 48 ಎಂಬಿ. ಫೈಲ್ ನೋಡಿದರೆ ಬರೀ ಕೆಲವು ಎಂಬಿ, ಅದಕ್ಕೇ ಯಾರಿಗೂ ಅನುಮಾನ ಬಂದಿರಲಿಲ್ಲ. ಓದುವಾಗಲೇ ಎರಡೂ ಕಡೆ ನಾಲ್ಕನೇ ಒಂದಕ್ಕೆ ಇಳಿಸಿದರೆ ಅದೇ ಚಿತ್ರಕ್ಕೆ 3 ಎಂಬಿ ಸಾಕು. ಒಂದು ಪುಟದಲ್ಲಿ ನಾಲ್ಕೈದು ಫೋಟೋ ಇದ್ದಾಗ ಇದರ ವ್ಯತ್ಯಾಸ ಊಹಿಸಿಕೊಳ್ಳಿ. ಇದರಿಂದ ಆ್ಯಪ್ ಸಾಯುವುದೇ ಕಮ್ಮಿಯಾಯಿತು, ಯಾವ ನೋಟಿಫಿಕೇಶನ್ ಇಲ್ಲದೆ.

ಸಲ್ಲಿಸುವ ಕೆಲಸವನ್ನೂ ಬದಲಿಸಿದರು. ಕೆಲಸಗಳನ್ನು ಸರದಿಯಲ್ಲಿಟ್ಟು ಮಾಡಿಸುವ ಆಂಡ್ರಾಯ್ಡ್‌ನ ವರ್ಕ್‌ಮ್ಯಾನೇಜರ್‌ಗೆ ಒಪ್ಪಿಸಿದರೆ ಪ್ರೊಸೆಸ್ ಸತ್ತರೂ, ಫೋನ್ ಆಫ್ ಆಗಿ ಆನ್ ಆದರೂ ಕೆಲಸ ಪಟ್ಟಿಯಲ್ಲಿ ಉಳಿಯುತ್ತದೆ. ಒಂದೇ ಫಾರ್ಮ್ ಎರಡು ಸಲ ಹೋಗದಿರಲಿ ಅಂತ ಫೋನಿನಲ್ಲೇ ಹುಟ್ಟಿದ ಗುರುತಿನ ಸಂಖ್ಯೆಯನ್ನು ಸರ್ವರ್ ನೋಡಿ ಎರಡನೆಯದನ್ನು ಬಿಟ್ಟುಬಿಡುತ್ತದೆ.

ಆಮೇಲೂ ಉಳಿದ ದೂರುಗಳು

ಹೊಸ ಆವೃತ್ತಿ ಬಂದಮೇಲೆ ಫಾರ್ಮ್ ಕಳೆದುಹೋಯಿತು ಅನ್ನುವ ದೂರು ನಿಂತಿತು. ‘ರಿಲೋಡ್ ಆಗುತ್ತೆ’ ಅನ್ನುವ ದೂರು ಪೂರ್ತಿ ನಿಲ್ಲಲಿಲ್ಲ. ಈಗ ಅವನ್ನು ಒಂದೊಂದಾಗಿ ನೋಡಲು ಆಯಿತು, ಯಾಕೆಂದರೆ ದೊಡ್ಡ ಗಲಾಟೆ ಅಡಗಿತ್ತು.

ಸಂಜೆ ಹೊತ್ತು ಮಾತ್ರ ಆಗುತ್ತೆ ಅಂದಿದ್ದರಲ್ಲ, ಅವರ ಫೋನು ಸೂರ್ಯ ಮುಳುಗಿದ ಕೂಡಲೇ ಡಾರ್ಕ್ ಮೋಡ್‌ಗೆ ತಿರುಗುತ್ತಿತ್ತು. ಅದು ಬದಲಾದರೆ ಆಂಡ್ರಾಯ್ಡ್ ಪುಟವನ್ನು ಕೆಡವಿ ಹೊಸದಾಗಿ ಕಟ್ಟುತ್ತದೆ. ಪರದೆ ತಿರುಗಿಸಿದರೂ, ಅಕ್ಷರದ ಗಾತ್ರ ಬದಲಿಸಿದರೂ, ಭಾಷೆ ಬದಲಿಸಿದರೂ ಹೀಗೇ. ಇಲ್ಲಿ ಪ್ರೊಸೆಸ್ ಸತ್ತಿಲ್ಲ, ಮೆಮೊರಿಗೂ ಸಂಬಂಧ ಇಲ್ಲ. ಕಟ್ಟಡಗಳ ಪಟ್ಟಿಯ ಪುಟ ಹುಟ್ಟಿದಾಗಲೆಲ್ಲ ಸರ್ವರ್‌ನಿಂದ ಹೊಸದಾಗಿ ಪಟ್ಟಿ ತರುತ್ತಿತ್ತು, ಅದಕ್ಕೇ ಅದು ಕಣ್ಣಿಗೆ ರಿಲೋಡ್ ಆದ ಹಾಗೆ. ಇದಕ್ಕೆ ವ್ಯೂಮಾಡೆಲ್ ಸಾಕಾಯಿತು.

ಊಟದ ನಂತರ ಅಂದವರದು ಲಾಗಿನ್. ಸ್ವಲ್ಪ ಹೊತ್ತು ಆ್ಯಪ್ ಮುಟ್ಟದಿದ್ದರೆ ಸರ್ವರ್ ಅವರನ್ನು ಹೊರಗೆ ಹಾಕುತ್ತಿತ್ತು. ಆ ಅವಧಿ ಹೆಚ್ಚಿಸಿ ಅಂತ ತಂಡ ಕೇಳಿತು. ಭದ್ರತೆ ನೋಡಿಕೊಳ್ಳುವವರು ಒಪ್ಪಲಿಲ್ಲ, ಒಪ್ಪದಿದ್ದದ್ದೇ ಸರಿ. ಫೋನ್ ಬೇರೆಯವರ ಕೈಗೆ ಸಿಗಬಹುದು. ಕೊನೆಗೆ ಲಾಗಿನ್ ಪುಟ ಬಂದರೂ ಒಳಗೆ ಹೋದ ಕೂಡಲೇ ಅದೇ ಕರಡಿನ ಅದೇ ಪುಟಕ್ಕೆ ಕರೆದೊಯ್ಯುವಂತೆ ಮಾಡಿದರು. ಕರಡನ್ನು ಆಯಾ ತಪಾಸಕರ ಖಾತೆಗೆ ಕಟ್ಟಿ, ಸರ್ವರ್ ತಲುಪಿದ ಮೇಲೆ ಫೋನಿನಿಂದ ಅಳಿಸುವ ನಿಯಮವೂ ಅದೇ ಚರ್ಚೆಯಲ್ಲಿ ಹುಟ್ಟಿತು.

ಐಫೋನ್ ಬಳಸುವ ಕೆಲವು ಮೇಲ್ವಿಚಾರಕರೂ ಇದ್ದರು. ಅಲ್ಲಿ ಹೆಸರು ಬೇರೆ, ಕೆಲಸ ಒಂದೇ. ಆ್ಯಪ್ ಹಿಂದಕ್ಕೆ ಹೋದರೆ ಐಒಎಸ್ ಬೇಗನೆ ಅದನ್ನು ಸ್ತಬ್ಧ ಮಾಡಿ ಮೆಮೊರಿಯಲ್ಲಿ ಇಟ್ಟಿರುತ್ತದೆ. ಮೆಮೊರಿ ಸಾಲದಿದ್ದರೆ ಜೆಟ್ಸಮ್ ಅನ್ನುವ ವ್ಯವಸ್ಥೆ ಸ್ತಬ್ಧವಾಗಿರುವುದನ್ನು ಹೇಳದೆ ಕೇಳದೆ ತೆಗೆದುಹಾಕುತ್ತದೆ. ಅವರಿಗೆ ಕಾಣುತ್ತಿದ್ದ ತೊಂದರೆ ಜಾಸ್ತಿ ವೆಬ್ ಪುಟ ತೋರಿಸುವ ಭಾಗದಲ್ಲಿ. ಅದು ಬೇರೆಯೇ ಪ್ರೊಸೆಸ್, ಆ್ಯಪ್ ಉಳಿದರೂ ಅದೊಂದೇ ಸಾಯಬಹುದು. ಬ್ರೌಸರ್‌ನಲ್ಲಿ ಹಳೆ ಟ್ಯಾಬ್‌ಗೆ ಹೋದರೆ ಪುಟ ಮತ್ತೆ ಲೋಡ್ ಆಗುವುದೂ ಇದೇ ಕಾರಣಕ್ಕೆ.

ಇದರಿಂದ ಏನು ತೆಗೆದುಕೊಳ್ಳಬಹುದು

ತಂಡ ಕಳೆದುಕೊಂಡ ಹೊತ್ತಿನಲ್ಲಿ ಹೆಚ್ಚಿನದು ತಾಂತ್ರಿಕ ಕಷ್ಟಕ್ಕೆ ಹೋಗಲಿಲ್ಲ. ಖಾಲಿ ಕ್ರ್ಯಾಶ್ ವರದಿಯನ್ನು ‘ಏನೂ ಆಗಿಲ್ಲ’ ಅಂತ ಓದಿಕೊಂಡದ್ದಕ್ಕೆ ಹೋಯಿತು. ಸಾವಿನ ಕಾರಣ ಕೇಳುವ ಆ ನಾಲ್ಕು ಸಾಲು ಮೊದಲೇ ಇದ್ದಿದ್ದರೆ ನೆಟ್‌ವರ್ಕ್ ತಿದ್ದುವ ಕೆಲಸಕ್ಕೆ ಯಾರೂ ಕೈ ಹಾಕುತ್ತಿರಲಿಲ್ಲ. ಹೊಸ ಆ್ಯಪ್ ಶುರುಮಾಡುವವರು ಮೊದಲ ದಿನವೇ ಅದನ್ನು ಹಾಕಿಕೊಳ್ಳುವುದು ಒಳ್ಳೆಯದು.

ಬರೀ ಬಳಸುವವರಿಗೂ ಒಂದು ಮಾತು. ಆ್ಯಪ್ ಮತ್ತೆ ಶುರುವಾಗುವುದನ್ನು ಸೆಟ್ಟಿಂಗ್ಸ್‌ನಿಂದ ಪೂರ್ತಿ ತಡೆಯಲು ಆಗುವುದಿಲ್ಲ. ಫೋನ್ ಕೆಟ್ಟಿದೆ ಅಂತಲೂ ಅಲ್ಲ. ಆದರೆ ಮತ್ತೆ ಶುರುವಾದಾಗ ನೀವು ಬರೆದದ್ದು ಹೋಗಿದ್ದರೆ ಅದು ಆ್ಯಪ್‌ನ ತಪ್ಪು, ದೂರು ಕೊಡಿ. ಕೊಡುವಾಗ ಅದಕ್ಕೆ ಮುಂಚೆ ಯಾವ ಆ್ಯಪ್‌ಗೆ ಹೋಗಿದ್ದಿರಿ ಅಂತ ಬರೆಯಿರಿ. “ಕ್ಯಾಮೆರಾಕ್ಕೆ ಹೋಗಿ ಬಂದೆ” ಅನ್ನುವ ಮೂರು ಪದ ಈ ತಂಡಕ್ಕೆ ಮೊದಲೇ ಸಿಕ್ಕಿದ್ದರೆ ಪರೀಕ್ಷಕಿ ಕಟ್ಟಡಕ್ಕೆ ಹೋಗುವುದು ಬಹಳ ಮುಂಚೆಯೇ ಆಗಿರುತ್ತಿತ್ತು.

ಈಗ ಆ ತಂಡದಲ್ಲಿ ಯಾವ ಹೊಸ ಪುಟ ಬಂದರೂ, ಅರ್ಧ ತುಂಬಿ, ಪ್ರೊಸೆಸ್ ಕೊಂದು, ವಾಪಸ್ ಬಂದು ನೋಡಿದ ಮೇಲೇ ಬಿಡುಗಡೆ. ಪರೀಕ್ಷೆ ನಡೆಯುವುದು ಒಂದು 3 ಜಿಬಿ ಫೋನಿನಲ್ಲಿ. ಇತ್ತೀಚೆಗೆ ಕಟ್ಟಡದ ಮಾಲೀಕರ ಸಹಿ ಪಡೆಯುವ ಪುಟ ಸೇರಿಸಿದರು. ಬೆರಳಿನಿಂದ ಗೀಚಿದ ಸಹಿ ಕರಡಿಗೆ ಹೋಗುತ್ತಿರಲಿಲ್ಲ, ಪರೀಕ್ಷಕಿ ಕೊಂದು ನೋಡಿದಾಗ ಸಿಕ್ಕಿಬಿತ್ತು. ಬಿಡುಗಡೆ ಮುಂದಕ್ಕೆ ಹೋಯಿತು.